ಗೈಡ್ ಹುಡುಕಲು ಹೋಗಿ ಜಾವಾ ತಲುಪಿದೆ

ದಾವಣಗೆರೆ ಮಂಡಿಪೇಟೆ ಕಡೆಯ ಹಳೇ ಪುಸ್ತಕದಂಗಡಿ ಇದು. ಕೆಎಎಸ್ ಗೈಡ್ ಬೇಕಿತ್ತು, ಸಿಗಲಿಲ್ಲ. ಇಂಡೋನೇಷ್ಯಾ ದ್ವೀಪಗಳಲ್ಲಿ ಇಸ್ಲಾಂ ಹೇಗೆ ಹಬ್ಬಿತು ಅನ್ನೋ ದಪ್ಪ ಪುಸ್ತಕ 80 ರೂಪಾಯಿಗೆ ಸಿಕ್ಕಿತು. ಸುಮ್ನೆ ತಿರುವಿ ಹಾಕ್ತಿದ್ದೆ, ಅಂಗಡಿಯವರು ಸ್ಟೂಲ್ ಕೊಟ್ಟರು, ಅಲ್ಲೇ ಅರ್ಧ ಓದಿದೆ.

ಅಲ್ಲಿ ದಂಡಿಗಿಂತ ಮೊದಲು ಹೋದದ್ದು ವ್ಯಾಪಾರಿಗಳು. 1292ರಲ್ಲಿ ಸುಮಾತ್ರಾ ದ್ವೀಪದ ಪೆರ್ಲಾಕ್ ಊರಿಗೆ ಬಂದ ಮಾರ್ಕೊ ಪೋಲೊ, ಊರಿನವರು ಆಗಲೇ ಮುಸ್ಲಿಮರಾಗಿದ್ದರು ಅಂತ ಬರೆದಿದ್ದಾನೆ. 15ನೇ ಶತಮಾನದಲ್ಲಿ ಈಗಿನ ಮಲೇಷ್ಯಾದ ಮಲಾಕಾ ಬಂದರಿನ ಅರಸರೂ ಇಸ್ಲಾಂ ದಾರಿ ಹಿಡಿದರು. ನಮ್ಮ ಗುಜರಾತಿನ ವ್ಯಾಪಾರಿಗಳೂ ಅಲ್ಲಿದ್ದರು, ಮೆಣಸು ಲವಂಗದ ಲೆಕ್ಕ ಬರೆಯುತ್ತಾ!

ನನಗೆ ಹಿಡಿಸಿದ್ದು ಜಾವಾ ದ್ವೀಪದ ಕುದುಸ್ ಊರಿನ ಮಸೀದಿಯ ಫೋಟೊ. 1549ರ ಮಸೀದಿ, ಅದರ ಕೆಂಪು ಇಟ್ಟಿಗೆಯ ಮಿನಾರು ಥೇಟ್ ಹಳೇ ಗುಡಿ ಥರ, ಮೇಲೆ ದೊಡ್ಡ ನಗಾರಿ ಬೇರೆ. ಐದು ನಿಮಿಷ ಅದನ್ನೇ ನೋಡಿದೆ.

ಒಂದು ಬೇಜಾರು. ಮನೆಗೆ ಬಂದು ನೋಡಿದರೆ ನಕ್ಷೆಯ ಎರಡು ಹಾಳೆಗಳೇ ಇಲ್ಲ. ಮರುದಿನ ಕೇಳಿದ್ದಕ್ಕೆ "ಅದಕ್ಕೇ 80 ಅಲ್ವಾ ಸಾರ್" ಅಂದರು. ಕೊಳ್ಳುವ ಮುಂಚೆ ಹಾಳೆ ಎಣಿಸಿಕೊಳ್ಳಿ.