ಆರ್ಲಿಸ್ಟ್ಯಾಟ್ 120: ಮಿರ್ಚಿಯ ಎಣ್ಣೆಗೆ ತಡೆ, ಅನ್ನಕ್ಕಲ್ಲ

‘ಕೊಬ್ಬು ಕರಗಿಸೋ ಗುಳಿಗೆ’ ಅಂತ ಜನ ಕೇಳಿ ಕೊಳ್ಳುವ ಆರ್ಲಿಸ್ಟ್ಯಾಟ್ ಯಾವ ಕೊಬ್ಬನ್ನೂ ಕರಗಿಸುವುದಿಲ್ಲ. ಸೊಂಟದ ಸುತ್ತ ಈಗಾಗಲೇ ಕೂತಿರುವ ಕೊಬ್ಬನ್ನು ಅದು ಮುಟ್ಟುವುದೂ ಇಲ್ಲ. ಅದರ ಕೆಲಸವೆಲ್ಲ ಈಗಷ್ಟೇ ತಟ್ಟೆಯಿಂದ ಹೊಟ್ಟೆಗಿಳಿದ ಎಣ್ಣೆಯ ಮೇಲೆ.

ತಿಂದ ಎಣ್ಣೆ ಕರುಳಿನ ಗೋಡೆ ದಾಟಬೇಕಾದರೆ ಮೊದಲು ಚೂರಾಗಬೇಕು. ಆ ಕೆಲಸ ಜಠರದಿಂದಲೂ ಮೇದೋಜ್ಜೀರಕದಿಂದಲೂ ಬರುವ ಲೈಪೇಸ್ ಕಿಣ್ವದ್ದು. ಆರ್ಲಿಸ್ಟ್ಯಾಟ್ ಹೋಗಿ ಆ ಲೈಪೇಸಿಗೇ ಅಂಟಿಕೊಳ್ಳುತ್ತದೆ. ಅಂಟಿಸಿಕೊಂಡ ಕಿಣ್ವ ಮತ್ತೆ ಕೆಲಸಕ್ಕಿಲ್ಲ. ಒಡೆಯದೆ ಉಳಿದ ಎಣ್ಣೆ ಮಲದ ಜೊತೆ ಹೊರಗೆ. 120 ಮಿ.ಗ್ರಾಂ.ನದನ್ನು ದಿನಕ್ಕೆ 3 ಸಲ ತೆಗೆದುಕೊಂಡರೆ ತಿಂದ ಕೊಬ್ಬಿನಲ್ಲಿ ಸುಮಾರು 30%, 60ರದ್ದಾದರೆ ಸುಮಾರು 25% ಹೀಗೆ ಹೋಗುತ್ತದೆ. ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಹಸಿವನ್ನಂತೂ ಕುಗ್ಗಿಸದು.

ಕೊಳ್ಳುವ ಮುಂಚೆ ಲೆಕ್ಕ ಹಾಕಿ. ದಿನಕ್ಕೆ 60 ಗ್ರಾಂ ಕೊಬ್ಬು ತಿನ್ನುವವರಿಗೆ ತಪ್ಪುವುದು 18 ಗ್ರಾಂ, ಅಂದರೆ 162 ಕ್ಯಾಲೊರಿ. ತಿಂಗಳಿಗೆ ಅರ್ಧ ಕಿಲೋಗಿಂತ ತುಸು ಹೆಚ್ಚು ಇಳಿಯಬಹುದು, ಅಷ್ಟೇ. ಗಂಗಾವತಿ ಸೋನಾ ಮಸೂರಿ ಅನ್ನವನ್ನೇ ಮೂರು ಹೊತ್ತು ಗುಡ್ಡೆ ಹಾಕಿಕೊಂಡು ತಿಳಿಸಾರು ಸುರಿದುಕೊಳ್ಳುವವರಿಗೆ ಇಷ್ಟೂ ದಕ್ಕದು. ಅನ್ನದ ಪಿಷ್ಟ ಒಡೆಯುವುದು ಬೇರೆ ಕಿಣ್ವ, ಸಕ್ಕರೆ ಚಹಾದ ಕಥೆಯೂ ಅದೇ. ಅಂಥವರು ದುಡ್ಡು ಉಳಿಸಿಕೊಳ್ಳುವುದೇ ಲೇಸು.

ಮಂಡಕ್ಕಿ ಒಗ್ಗರಣೆ, ಮಿರ್ಚಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಇದ್ದಲ್ಲಿ ಔಷಧಕ್ಕೆ ಕೆಲಸ ಉಂಟು, ಫಜೀತಿಯೂ ಅಲ್ಲೇ. ಒಂದು ಟೇಬಲ್ ಚಮಚ ಎಣ್ಣೆಯಲ್ಲಿ ಸುಮಾರು 14 ಗ್ರಾಂ ಕೊಬ್ಬಿದೆ, ಶೇಂಗಾದ ತೂಕದಲ್ಲಿ ಅರ್ಧದಷ್ಟು ಕೊಬ್ಬೇ. 1,800 ಕ್ಯಾಲೊರಿಯ ಪಥ್ಯದಲ್ಲಿ ಒಂದೊಂದು ಊಟಕ್ಕೆ 20 ಗ್ರಾಂ ಮಿತಿ. ಗುಳಿಗೆ ಇದೆಯಲ್ಲ ಅಂತ ಒಂದೇ ಸಲಕ್ಕೆ ಮಿರ್ಚಿಯ ಪ್ಲೇಟಿನ ಮೇಲೆ ಪ್ಲೇಟು ತರಿಸಿದರೆ ಉಪ್ಪಿನಕಾಯಿ ಎಣ್ಣೆಯಂಥ ಕಿತ್ತಳೆ ಬಣ್ಣದ ಎಣ್ಣೆ ಸಂಡಾಸಿನ ನೀರಿನ ಮೇಲೆ ತೇಲುತ್ತದೆ. ಗಾಳಿ ಬಿಟ್ಟಾಗ ಬಟ್ಟೆಗೂ ಜಿನುಗಬಹುದು. ಬಳ್ಳಾರಿ ಜೀನ್ಸ್ ತೊಟ್ಟವರು ಹೇಗೋ ಮುಚ್ಚಿಕೊಂಡಾರು, ಬಿಳಿ ಪಂಚೆಯವರ ಪಾಡು ಕಷ್ಟ. ತಡೆಯಲಾರದ ಅವಸರವೂ ಬರುವುದರಿಂದ ಮೊದಲ ವಾರ ರಾಯಚೂರಿನ ಬಸ್ ಹತ್ತುವ ದಿನ ಕರಿದದ್ದು ಬೇಡ.

ತೆಗೆದುಕೊಳ್ಳುವ ಹೊತ್ತು ಊಟದ ಜೊತೆಗೆ, ಇಲ್ಲವೆ ಊಟವಾಗಿ 1 ಗಂಟೆಯ ಒಳಗೆ. ಊಟ ತಪ್ಪಿತೇ, ಅಥವಾ ಬರೀ ಜೋಳದ ರೊಟ್ಟಿ, ನೀರು ಮಜ್ಜಿಗೆ, ಹಸಿ ಸೌತೆಕಾಯಲ್ಲಿ ಮುಗಿಯಿತೇ? ಆ ಹೊತ್ತಿನದನ್ನು ಬಿಡಿ. ಮುಂದಿನ ಹೊತ್ತಿಗೆ ಎರಡು ನುಂಗುವುದು ವ್ಯರ್ಥ.

ಎಣ್ಣೆಯ ಜೊತೆ ಎ, ಡಿ, ಇ, ಕೆ ವಿಟಮಿನ್‌ಗಳೂ ಹೊರಟುಹೋಗುತ್ತವೆ. ಮಲ್ಟಿವಿಟಮಿನ್ ಗುಳಿಗೆಯನ್ನು ರಾತ್ರಿ ಮಲಗುವಾಗ, ಆರ್ಲಿಸ್ಟ್ಯಾಟ್ ಕ್ಯಾಪ್ಸೂಲ್‌ಗೂ ಅದಕ್ಕೂ 2 ಗಂಟೆಯಾದರೂ ಅಂತರವಿಟ್ಟು ತೆಗೆದುಕೊಳ್ಳಬೇಕು. ಥೈರಾಯ್ಡ್ ಗುಳಿಗೆಗೆ 4 ಗಂಟೆ ಅಂತರ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಮೂರ್ಛೆರೋಗದ ಔಷಧ, ಸಕ್ಕರೆ ಕಾಯಿಲೆಯ ಗುಳಿಗೆ ನಡೆಯುತ್ತಿದ್ದರೆ ವೈದ್ಯರಿಗೆ ಹೇಳದೆ ಶುರು ಮಾಡಬಾರದು. ಗರ್ಭಿಣಿಯರಿಗೆ, ಪಿತ್ತ ಸರಿಯಾಗಿ ಹರಿಯದವರಿಗೆ ಇದು ಪೂರ್ತಿ ನಿಷಿದ್ಧ. ಕಿಡ್ನಿ ಕಲ್ಲಿನ ಇತಿಹಾಸ ಇದ್ದವರೂ ಹುಷಾರು: ಜೀರ್ಣವಾಗದ ಕೊಬ್ಬು ಕರುಳಿನ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುತ್ತದೆ, ಆ ಕ್ಯಾಲ್ಸಿಯಂ ಜೊತೆ ಕೂಡಿ ಹೊರಹೋಗಬೇಕಿದ್ದ, ಕಲ್ಲು ಕಟ್ಟುವ ಆಕ್ಸಲೇಟ್ ಒಂಟಿಯಾಗಿ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಬರುತ್ತದೆ. ಮೂತ್ರ ಕಡುಬಣ್ಣವಾಗಿ ಕಣ್ಣು ಹಳದಿಯಾದರೆ ಅದು ಯಕೃತ್ತಿನ ಸೂಚನೆ. ತುಂಬ ಅಪರೂಪ, ಆದರೂ ತಕ್ಷಣ ನಿಲ್ಲಿಸಿ ಡಾಕ್ಟರ ಬಳಿ ಹೋಗಿ.

ಫಲ ಎಷ್ಟು ಅಂದರೆ, ಸ್ವೀಡನ್ನಿನಲ್ಲಿ 3,305 ಜನರ ಮೇಲೆ ನಡೆದ ಕ್ಸೆಂಡಾಸ್ ಅಧ್ಯಯನದಲ್ಲಿ 4 ವರ್ಷದ ಕೊನೆಗೆ ಔಷಧ ತೆಗೆದುಕೊಂಡವರು ಸರಾಸರಿ 5.8 ಕಿಲೋ, ಪೊಳ್ಳು ಗುಳಿಗೆಯವರು 3 ಕಿಲೋ ಇಳಿದಿದ್ದರು. ಪಥ್ಯ ಇಬ್ಬರಿಗೂ ಇತ್ತು. 12 ವಾರದಲ್ಲಿ ತೂಕದ 5% ಇಳಿಯದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ನಮ್ಮ ಸೀಮೆಯ ಬಿಸಿಲಿಗೆ ಇನ್ನೊಂದು ಮಾತು. ಆರ್ಲಿಸ್ಟ್ಯಾಟ್ ಸುಮಾರು 44 ಡಿಗ್ರಿಗೇ ಕರಗುವ ವಸ್ತು. ಮೇ ತಿಂಗಳಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಮರೆತ ಸ್ಟ್ರಿಪ್ ಅದನ್ನೂ ಮೀರಿ ಕಾಯುತ್ತದೆ. ಬೇಸಿಗೆಯಲ್ಲಿ ಒಂದೊಂದೇ ಸ್ಟ್ರಿಪ್ ಕೊಳ್ಳಿ, ಒಲೆಯಿಂದ ದೂರ ಒಣ ಜಾಗದಲ್ಲಿಡಿ. ಕ್ಯಾಪ್ಸೂಲ್ ಮೆತ್ತಗಾಗಿ ಒಳಗಿನದು ಗಂಟು ಕಟ್ಟಿದ್ದರೆ ಎಸೆಯಿರಿ.