ಉರಿಯೂತವೋ, ಕ್ಷಯವೋ: ಆಡುಸೋಗೆಗೆ ಯಾವ ಪರೀಕ್ಷೆ?

ಹಾಸನದ ಬೇಲಿಸಾಲಿನ ಆಡುಸೋಗೆ ಒಣಗಿಸಿಟ್ಟು, ಅದರ ಸಾರ ಉರಿಯೂತ ತಗ್ಗಿಸುತ್ತದೆಯೇ ಎಂದು ನೋಡಲೋ, ಕ್ಷಯದ ಬ್ಯಾಕ್ಟೀರಿಯಾ ತಡೆಯುತ್ತದೆಯೇ ಎಂದು ನೋಡಲೋ, ಎಂ.ಎಸ್ಸಿ. ಪ್ರಾಜೆಕ್ಟಿಗೆ ಯಾವ ಪರೀಕ್ಷೆ ಹಿಡಿಯಲಿ ಎನ್ನುವವರಿಗೆ ಇದು. (ಕೆಮ್ಮಿನ ಔಷಧಿ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು ಇದೇ ಸೊಪ್ಪಿನ ವ್ಯಾಸಿಸಿನ್ ಎಂಬ ರಾಸಾಯನಿಕದ ಜಾಡಿನಲ್ಲಿ.)

ಉರಿಯೂತದ ಮೊದಲ ಹಂತ ಕಾಲೇಜಿನಲ್ಲೇ ಆಗುತ್ತದೆ. ಮೊಟ್ಟೆಯ ಆಲ್ಬುಮಿನ್‌ಗೆ ಸಾರ ಬೆರೆಸಿ ಬಿಸಿ ಮಾಡಿ, ಪ್ರೋಟೀನ್ ಎಷ್ಟು ಕೆಡದೆ ಉಳಿಯಿತೆಂದು ಅಳೆಯುವುದು, ಹೋಲಿಕೆಗೆ ಉರಿಯೂತದ ಔಷಧಿ ಡೈಕ್ಲೋಫೆನಾಕ್. ಒಂದೇ ದಿನದ ಕೆಲಸ, ಆದರೆ ಸಾಕ್ಷ್ಯ ತೆಳು. ಸಸ್ಯಗಳ ಒಗರಿನ ಅಂಶವಾದ ಟ್ಯಾನಿನ್ ಪ್ರೋಟೀನಿಗೆ ಅಂಟಿ ಲೆಕ್ಕ ತಪ್ಪಿಸುತ್ತದೆ.

ಕ್ಷಯದ್ದು ಬೇರೆಯೇ ದಾರಿ. ಪರೀಕ್ಷೆಗೆ ಬಳಸುವ ಕ್ಷಯದ ಬ್ಯಾಕ್ಟೀರಿಯಾದ ಎಚ್37ಆರ್‌ವಿ ತಳಿ ರೋಗ ತರುವಂಥದ್ದು. ಬೆಳೆಸಲು ಜೈವಿಕ ಸುರಕ್ಷತೆಯ 3ನೇ ಹಂತದ ಲ್ಯಾಬೇ ಬೇಕು. ಒಂದು ಬ್ಯಾಕ್ಟೀರಿಯಾ ಎರಡಾಗಲು ಸುಮಾರು 20 ಗಂಟೆ, ಹಾಗಾಗಿ ಫಲಿತಾಂಶಕ್ಕೆ ವಾರ ಕಾಯಬೇಕು. ಬೆರೆಸಿದ ಅಲಮಾರ್ ಬ್ಲೂ ಎಂಬ ಬಣ್ಣ ನೀಲಿಯಾಗೇ ಉಳಿದರೆ ಬೆಳವಣಿಗೆ ನಿಂತಿದೆ, ಗುಲಾಬಿಯಾದರೆ ಇಲ್ಲ. ಕ್ಷಯದ ಔಷಧಿ ಐಸೋನಿಯಾಜಿಡ್ ಮಿಲಿಲೀಟರಿಗೆ 1 ಮೈಕ್ರೋಗ್ರಾಂಗಿಂತ ಕಡಿಮೆಯಲ್ಲೇ ತಡೆಯುತ್ತದೆ. ನಿಮ್ಮ ಸಾರಕ್ಕೆ ನೂರಾರು ಮೈಕ್ರೋಗ್ರಾಂ ಬೇಕಾದರೆ ಹಿಗ್ಗಬೇಡಿ. ಕ್ಷಯದ ಬ್ಯಾಕ್ಟೀರಿಯಾದ ಸಂಬಂಧಿ, ನಿರಪಾಯಕಾರಿ ಎನ್ನಬಹುದಾದ ಸ್ಮೆಗ್ಮಾಟಿಸ್ 2–3 ದಿನದಲ್ಲಿ ಉತ್ತರ ಕೊಡುತ್ತದೆ, ಆದರೆ ಅದು ಸುಳಿವು ಮಾತ್ರ.

ಒಂದೇ ಸೆಮಿಸ್ಟರ್ ಇದ್ದರೆ ಉರಿಯೂತವೇ ಸರಿ. ಪಿಎಚ್.ಡಿ. ಆದರೆ ಕ್ಷಯ ಹಿಡಿಯಿರಿ, ಆದರೆ ಹೊರಗಿನ ಲ್ಯಾಬಿಗೆ ಕಚ್ಚಾ ಸಾರವಲ್ಲ, ಶುದ್ಧೀಕರಿಸಿದ ಸಂಯುಕ್ತವನ್ನೇ ಕಳಿಸಿ.