ಬ್ರೈಯರ್ ಕುದುರೆ: ಕೆಲವು ಮಳೆಗಾಲಗಳ ನಂತರ

ಕಂದು ಮೈ, ಕಪ್ಪು ಜೂಲು, ಕಪ್ಪು ಕಾಲುಗಳು, ಒಂದು ಹಿಂಗಾಲಿನ ಕೆಳಭಾಗ ಮಾತ್ರ ಬಿಳಿ. ಅಮೆರಿಕದ ಬ್ರೈಯರ್ ಕಂಪನಿಯ ‘ಟ್ರೆಡಿಷನಲ್’ ಅಳತೆಯ ಈ ಪ್ಲಾಸ್ಟಿಕ್ ಮಾದರಿ ಕುದುರೆ ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಕೆಲವು ಮಳೆಗಾಲಗಳನ್ನು ಕಂಡಿದೆ. ನಿಜವಾದ ಕುದುರೆಯ ಒಂಬತ್ತನೇ ಒಂದು ಪಾಲು, ಅಂದರೆ ಉದ್ದ ಸುಮಾರು ಒಂದು ಅಡಿ. ಪೆಟ್ಟಿಗೆ ಒಡೆದ ದಿನವೇ ಬರೆದ ವಿಮರ್ಶೆಗಳ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.

ಬಣ್ಣ ಹಚ್ಚಿದವರಿಗೆ ಕುದುರೆ ಗೊತ್ತಿದೆಯೇ ಎಂದು ತಿಳಿಯಲು ಎಲ್ಲರೂ ಕಣ್ಣು ನೋಡುತ್ತಾರೆ. ನಾನು ಬಿಳಿ ಕಾಲು ನೋಡುತ್ತೇನೆ. ಬಿಳಿ ಕೂದಲಿನ ಕೆಳಗಿನ ಚರ್ಮ ಗುಲಾಬಿ. ಆ ಬಿಳುಪು ಪಾದದವರೆಗೂ ಇಳಿದಿದ್ದರೆ ಗೊರಸೂ ಸಾಮಾನ್ಯವಾಗಿ ತಿಳಿಬಣ್ಣದ್ದೇ. ನನ್ನ ಕುದುರೆಯ ಮೂರು ಗೊರಸುಗಳು ಕಡುಬೂದು, ನಾಲ್ಕನೆಯದು ಒಣಬಿದಿರಿನ ಬಣ್ಣ. ಬಿಳಿ ಮುಗಿದು ಕಪ್ಪು ಶುರುವಾಗುವಲ್ಲಿ ತೆಳುವಾದ ಬೂದು ಅಂಚಿದೆ. ಕಪ್ಪು ಚರ್ಮದ ಮೇಲೆ ಬಿಳಿ ಕೂದಲು ಬಿದ್ದಾಗ ಹಾಗೆಯೇ ಕಾಣಬೇಕು. ಮಂಡಿಯಿಂದ ಮೇಲೆ ಕಪ್ಪು ಕರಗುತ್ತಾ ಕಂದಾಗುವ ಏರ್‌ಬ್ರಷ್ ಕೆಲಸವಂತೂ ಎಷ್ಟು ನೋಡಿದರೂ ಸಾಲದು. ಮುಂಗಾಲಿನ ಒಳಬದಿಯಲ್ಲಿ, ಮಂಡಿಗಿಂತ ಮೇಲೆ, ಕುದುರೆಗಳಿಗಿರುವ ಗಟ್ಟಿ ಗಂಟನ್ನೂ ಬಿಟ್ಟಿಲ್ಲ. ಅದನ್ನು ಯಾರು ಬಗ್ಗಿ ನೋಡುತ್ತಾರೆ? ನಾನು ನೋಡುತ್ತೇನೆ.

ಪಕ್ಕದಲ್ಲೇ ಇನ್ನೊಂದು ಕಂಪನಿಯ ಚಿಕ್ಕ ಕುದುರೆ ನಿಂತಿದೆ, ಹೆಸರು ಬೇಡ. ಅದರ ಕಾಲಿಗೆ ಬಿಳಿ ಬಳಿದು, ಕೆಳಗಿನ ಗೊರಸಿಗೆ ಅಚ್ಚ ಕಪ್ಪು ಮೆತ್ತಿದ್ದಾರೆ. ಕಣ್ಣಿಗೆ ಹೊಳಪಿನದೊಂದು ಬಿಳಿ ಚುಕ್ಕೆ ಬೇರೆ. ಬೆಳಕು ಯಾವ ಕಿಟಕಿಯಿಂದ ಬಂದರೂ ಆ ಹೊಳಪು ಮಾತ್ರ ಇದ್ದಲ್ಲೇ ಇರುತ್ತದೆ!

ಕೊಟ್ಟಿಗೆ ತುಂಬ ಮಲೆನಾಡು ಗಿಡ್ಡ ದನ ಸಾಕಿರುವ ನೆರೆಮನೆಯವರು ಬಣ್ಣದ ಬಗ್ಗೆ ಏನೂ ಹೇಳಲಿಲ್ಲ. “ಒಂದು ಹಿಂಗಾಲು ಸಡಿಲ ಬಿಟ್ಟು ನಿಂತಿದೆ, ಸೊಂಟವೂ ಆ ಕಡೆಗೇ ಇಳಿದಿದೆ ನೋಡಿ” ಎಂದರು. ಆಮೇಲೆ ಬೆಲೆ ಕೇಳಿದರು. ನಾನು ಚಹಾ ತರಲು ಒಳಗೆ ಹೋದೆ.

ಇನ್ನು ನಮ್ಮ ಮಳೆ. 1950ರಲ್ಲಿ ಗಡಿಯಾರದ ಅಲಂಕಾರಕ್ಕೆಂದು ಶಿಕಾಗೋದಲ್ಲಿ ಎರಕ ಹೊಯ್ದ ಕುದುರೆಯಿಂದ ಈ ದಾರಿ ಹಿಡಿದ ಬ್ರೈಯರ್, ಈ ದೊಡ್ಡ ಅಳತೆಗೆ ಇಂದಿಗೂ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕನ್ನೇ ನೆಚ್ಚಿಕೊಂಡಿದೆ. ಈ ವಸ್ತು ಕಾಲಕ್ರಮೇಣ ಹಳದಿಗೆ ತಿರುಗಬಹುದು, ಬಿಸಿಗೆ ಕಾಲು ಬಾಗಬಹುದು. ಆದ್ದರಿಂದ ಅಟ್ಟದ ಹಂಚಿನ ಕೆಳಗೂ ಬೇಡ, ಬಿಸಿಲಿನ ಕಿಟಕಿಯಲ್ಲೂ ಬೇಡ. ಆಷಾಢದಲ್ಲಿ ಚಪ್ಪಲಿ, ಪುಸ್ತಕ, ಬೆಲ್ಟುಗಳಿಗೆಲ್ಲ ಬೂಷ್ಟು ಹಿಡಿದರೂ, ಗಾಜಿನ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ನಡುವೆ ಕುದುರೆ ಕ್ಷೇಮವಾಗಿದೆ. ಬಣ್ಣ ಎಲ್ಲೂ ಎದ್ದಿಲ್ಲ. ಧೂಳಿಗೆ ಮೆತ್ತನೆಯ ಒಣ ಬ್ರಷ್ ಸಾಕು. ಒದ್ದೆ ಬಟ್ಟೆಯಿಂದ ತಿಕ್ಕಿದರೆ ಕಿವಿತುದಿಯ ಬಣ್ಣವೇ ಮೊದಲು ಹೋದೀತು.

ಸೊರಬ, ಸಾಗರದ ಗುಡಿಗಾರರ ಕೈಕೆಲಸ ಊರಲ್ಲೇ ಇರುವಾಗ ಪ್ಲಾಸ್ಟಿಕ್ ಕುದುರೆ ಯಾಕೆ ಎಂದು ಕೇಳುವವರಿದ್ದಾರೆ. ಗಂಧದ ಕೆತ್ತನೆಯಲ್ಲಿ ಉಳಿಯ ಗೀರೇ ಎಲ್ಲವನ್ನೂ ಹೇಳುತ್ತದೆ, ಅಲ್ಲಿ ಬಣ್ಣಕ್ಕೆ ಕೆಲಸವಿಲ್ಲ. ನನಗೆ ಹುಚ್ಚು ಹಿಡಿಸಿದ್ದು ಬಣ್ಣ.

ಸಾಗಣೆ, ಸುಂಕ ಸೇರಿದರೆ ಬೆಲೆ ಹೊರೆಯೇ. ಮಕ್ಕಳ ಆಟಕ್ಕಾದರೆ ಖಂಡಿತ ಬೇಡ. ಹಳೆಯದನ್ನು ಕೊಳ್ಳುವವರು ಮಾರುವವರಿಂದ ಹಗಲು ಬೆಳಕಿನಲ್ಲಿ ತೆಗೆದ ಫೋಟೊಗಳನ್ನೇ ಕೇಳಿ: ಕಾಲುಗಳ ಒಳಬದಿ, ಹೊಟ್ಟೆಯ ಜೋಡಣೆಯ ಗೆರೆ, ಬಿಳಿ ಭಾಗಗಳು. ಹಳದಿ ಬಲ್ಬಿನ ಬೆಳಕಿನಲ್ಲಿ ಹಳದಿ ಸುಲಭವಾಗಿ ಅಡಗಿಬಿಡುತ್ತದೆ.